ಬಲಗೀಲಿ

ಹಿಮಾಯತ್‌ನಗರ, ಹೈದರಾಬಾದ್
೧೨ ಆಗಸ್ಟ್ ೨೦೨೪

ಪ್ರೀತಿಯ ಶೈಲಾ,

ನಿನ್ನ ಪತ್ರ ಕೈಸೇರಿದಾಗ ಇಲ್ಲಿ ಬೋನಾಲು ಹಬ್ಬದ ಡೋಲು ಮೊಳಗುತ್ತಿತ್ತು. ಈಗ ಶ್ರಾವಣ ಬಂದಿದೆ. ಇಷ್ಟು ತಡ ಮಾಡಿದೆನೆಂದು ಬೈಯಬೇಡ. ದಿನಚರಿಯಲ್ಲಿ ನನಗೆ ನಾನೇ ಬರೆದುಕೊಂಡು, ಇನ್ನೊಬ್ಬರಿಗೆ ಬರೆಯುವುದೇ ಮರೆತಂತಾಗಿದೆ. ಆರೋಗ್ಯವಾಗಿದ್ದೇನೆ. ಕೆಳಗಿನ ಮನೆಯ ಗುಣವತಿ ದಿನಾ ಬೆಳಿಗ್ಗೆ ಬಾಗಿಲು ಬಡಿದು, "ಎದ್ದೀರೇನ್ರೀ ಅಕ್ಕಾರ?" ಎಂದು ಕೇಳಿ, ಬಿಸಿ ರೊಟ್ಟಿ ಇಟ್ಟು ಹೋಗುತ್ತಾಳೆ. ಕಲಬುರಗಿಯಲ್ಲಿ ನಿನ್ನ ಕಣ್ಣಿನ ಪೊರೆ ತೆಗೆಸಿದೆಯಾ ಇಲ್ಲವಾ, ಅದನ್ನೇ ಬರೆದಿಲ್ಲ ನೀನು.

ನಮ್ಮ ರಾಯರು ಹೋಗಿ ಇನ್ನೂ ವರ್ಷವಾಗಿಲ್ಲ. ನಿನಗೆ ಒಂದು ಸಂಗತಿ ಹೇಳಿರಲಿಲ್ಲ. ಆಸ್ಪತ್ರೆಯಲ್ಲಿ ಅವರು ನನಗೆ ಏನೋ ತಿಳಿಸಲು ಒದ್ದಾಡುತ್ತಿದ್ದರು. ಗಂಟಲಲ್ಲಿ ಕೊಳವೆ, ಮಾತಿಲ್ಲ. ಎಡಗೈಗೆ ಸಲೈನ್. ಪೆನ್ನು ಕೊಟ್ಟರೆ ಹಿಡಿಯುವ ಶಕ್ತಿಯಿಲ್ಲ. ಬಲಗೈ ಬೆರಳುಗಳು ಹೊದಿಕೆಯ ಮೇಲೆ ಆಡುತ್ತಿದ್ದವು, ಆಮೇಲೆ ಹೆಬ್ಬೆರಳು ಒಂದೇ ಜಾಗವನ್ನು ಒತ್ತುತ್ತಿತ್ತು. ಒತ್ತಿ ನನ್ನ ಮುಖ ನೋಡುತ್ತಿದ್ದರು. "ನೀರು ಬೇಕೇನ್ರಿ? ಥಂಡಿ ಆಗಾಕತ್ತೈತೇನ್ರಿ?" ಎಂದು ನಾನು ಕೇಳುವುದು, ಅವರು ಕಣ್ಣು ಮುಚ್ಚಿ ಮತ್ತೆ ಮೊದಲಿನಿಂದ ಬೆರಳಾಡಿಸುವುದು. ನರ್ಸಮ್ಮ, "ಏಂ ಕಾದಮ್ಮಾ, ಮಂದುಲ ವಲ್ಲ" ಎಂದಳು. ಏನಿಲ್ಲ, ಔಷಧಿಯಿಂದ ಹಾಗಾಗುತ್ತದೆ ಎಂದು. ನನಗೆ ನಂಬಿಕೆ ಬರಲಿಲ್ಲ. ಅವರು ಏನು ಮಾಡುತ್ತಿದ್ದರು ಎಂಬ ಒಂದು ಪ್ರಶ್ನೆಯನ್ನೇ ಹಿಡಿದು ಇಷ್ಟು ದಿನ ಕೂತಿದ್ದೆ.

ನಿನ್ನ ಪತ್ರದ ಕೊನೆಯಲ್ಲಿ ತಮಾಷೆಗೆ ಬರೆದಿದ್ದೀಯಲ್ಲ, "ಗುರೂ, ತುಂಬಿ ತುಂಬಿ ಇಟ್ಕೋಬ್ಯಾಡ, ಬಲಗೀಲಿ ಒತ್ತು" ಎಂದು. ಅದನ್ನು ಓದುತ್ತಿದ್ದಂತೆ ನನ್ನ ಹೆಬ್ಬೆರಳು ಮೇಜಿನ ಮೇಲೆ ತಾನೇ ಒತ್ತಿಕೊಂಡಿತು ಶೈಲಾ.

ಸಿಕಂದರಾಬಾದಿನ ಕಾರ್ಖಾನೆಯ ಉಗ್ರಾಣ ವಿಭಾಗ, ನಮ್ಮಿಬ್ಬರ ಅಕ್ಕಪಕ್ಕದ ಕುರ್ಚಿ, ಹಸಿರು ಅಕ್ಷರದ ಟರ್ಮಿನಲ್ಲುಗಳು. ಅವಕ್ಕೆ ಸ್ವಂತ ಬುದ್ಧಿ ಇರಲಿಲ್ಲ. ಬುದ್ಧಿಯೆಲ್ಲ ಎಸಿ ಕೋಣೆಯ ದೊಡ್ಡ ಕಂಪ್ಯೂಟರು, ಆ ಮೇನ್‌ಫ್ರೇಮಿನಲ್ಲಿ. ನಾವು ಎಷ್ಟು ತುಂಬಿದರೂ ಅದಕ್ಕೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಬಲಗಡೆ ಕೆಳಮೂಲೆಯ ಕೀಲಿಯನ್ನು, ನಮ್ಮ ಬಾಯಲ್ಲಿ ಬಲಗೀಲಿಯನ್ನು, ಹೆಬ್ಬೆರಳಿನಿಂದ ಒತ್ತಿದಾಗಲೇ ಇಡೀ ಪರದೆ ಒಮ್ಮೆಗೇ ಹೋಗುತ್ತಿತ್ತು. ಕಳಿಸಿದ ಮೇಲೆ ಉತ್ತರ ಬರುವ ತನಕ ಕೀಲಿಮಣೆಗೆ ಬೀಗ. ಏನು ಒತ್ತಿದರೂ ಮೂಡದು, ಸುಮ್ಮನೆ ಕಾಯಬೇಕು.

ಆ ಟರ್ಮಿನಲ್ಲುಗಳು ಒಂದೊಂದಾಗಿ ಕೆಟ್ಟು, ಬಿಡಿಭಾಗ ಸಿಗದೆ, ಯುನಿಕ್ಸ್ ಪಿಸಿಗಳು ಬಂದವು. ಅವುಗಳಿಗೆ ಹಳೆಯ ಟರ್ಮಿನಲ್ಲಿನ ಹಾಗೆ ನಟಿಸಲು ಕಲಿಸುವ ಪ್ರೋಗ್ರಾಮ್ ಬರೆಯಲು ಹಣಮಂತರಾಯರು ಬಂದರು. "ಹಗಲುವೇಷ ಹಾಕಸಾಕತ್ತೀನ್ರಿ ಇದಕ್ಕ. ಎದುರಿಗೆ ಕೂತಾಂವ ಬ್ಯಾರೆ ಅಂತ ಆ ದೊಡ್ಡ ಯಜಮಾನಗ ಗೊತ್ತಾಗಬಾರದು ನೋಡ್ರಿ" ಎನ್ನುತ್ತಿದ್ದರು. ಪಿಸಿಯಲ್ಲಿ ಎಂಟರ್ ಎಂದು ಬರೆದ ದೊಡ್ಡ ಕೀಲಿ ಇದೆಯಲ್ಲ, ಕಳಿಸುವ ಕೆಲಸ ಅದಕ್ಕೇ ಕೊಡಿ ಎಂದು ಸಾಹೇಬರ ಮಾತು. ರಾಯರು ತಲೆ ತಗ್ಗಿಸಿಯೇ, "ಇವರ ಹೆಬ್ಬೆರಳಿಗೆ ರೂಢಿ ಆಗೇತ್ರಿ ಸರ್. ವೇಷ ಹಾಕಿದ್ದು ಯಂತ್ರ, ಇವರ್ಯಾಕ ಕುಣೀಬೇಕು?" ಎಂದರು. ಸಾಹೇಬರು ನಕ್ಕು ಒಪ್ಪಿದರು. ಹೀಗೆ ನಮ್ಮ ಬಲಗೀಲಿ ನಮಗೇ ಉಳಿಯಿತು.

ಆದರೂ ಮೊದಲ ದಿನ ನಾನು ಎಂಟರ್ ಎಂಬ ಬರಹ ನಂಬಿ ದೊಡ್ಡ ಕೀಲಿಯನ್ನೇ ಒತ್ತಿದೆ. ಮಿಣುಕುವ ಗೆರೆ ಕೆಳಸಾಲಿಗೆ ಇಳಿದು ಸುಮ್ಮನಾಯಿತು. ಮೇನ್‌ಫ್ರೇಮ್ ಇವತ್ತು ನಿಧಾನ ಎಂದುಕೊಂಡು ಊಟಕ್ಕೂ ಏಳದೆ ಕಾದೆ. ರಾಯರು ಬಂದು ಬಗ್ಗಿ ನೋಡಿ, "ಎಲ್ಲಾ ತುಂಬೀರಿ, ಕಳಿಸೇ ಇಲ್ಲಲ್ರೀ ಬಾಯಾರ!" ಎಂದರು. ನೀನು ಪಕ್ಕದಿಂದ, "ಇಬ್ಬರಿಗೂ ಅದೇ ಜಡ್ಡು ತಗೋರಿ" ಎಂದೆ. ಅವರ ಕಿವಿ ಕೆಂಪಾದವು. ಆಮೇಲೆ ಸುಲ್ತಾನ್ ಬಜಾರಿನ ತನಕ ಒಂದೇ ಬಸ್ಸಿನಲ್ಲಿ ಬಂದರೂ ಬಿಸಿಲು ಭಾಳ ಅನ್ನುವುದು ಬಿಟ್ಟು ನಮ್ಮ ನಡುವೆ ಬೇರೆ ಮಾತಿರಲಿಲ್ಲ. ಕೊನೆಗೆ ನೀನೇ ಅವರ ಮೇಜಿನ ಮುಂದೆ ನಿಂತು, "ಸರ್, ಬಲಗೀಲಿ ನೀವು ಒತ್ತತೀರೋ, ನಾ ಒತ್ತಲೋ?" ಎಂದೆ. ಅದೇ ಸಂಜೆ ಬಸ್ ಸ್ಟಾಪಿನಲ್ಲಿ ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿದರು. ನನ್ನ ಬಾಳು ನಿನ್ನ ಜೋರು ಬಾಯಿಯ ಪುಣ್ಯ ಎಂದು ಆಗ ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ.

ನಿನಗೆ ಅರ್ಥವಾಗಿರಬೇಕು. ಹೊದಿಕೆಯ ಮೇಲೆ ಅವರ ಹೆಬ್ಬೆರಳು ಒತ್ತುತ್ತಿದ್ದದ್ದು ಬಲಗಡೆಯ ಕೆಳಮೂಲೆ. ಅದು ಔಷಧಿಯ ನಡುಕವಲ್ಲ. ಬೆರಳಾಡಿಸಿ ತುಂಬುತ್ತಿದ್ದರು, ಹೆಬ್ಬೆರಳಿನಿಂದ ಕಳಿಸುತ್ತಿದ್ದರು. ಏನು ಬರೆದರೋ ನನಗೆ ಎಂದೂ ತಿಳಿಯುವುದಿಲ್ಲ. ಮೊದಲು ಅದಕ್ಕೇ ಅತ್ತೆ. ಅತ್ತು ಮುಗಿದ ಮೇಲೆ ಹಗುರವಾಯಿತು. ಆ ನಾಚಿಕೆಯ ಮನುಷ್ಯ ಈ ಸಲ ಯಾರೂ ಹೇಳದೆಯೇ ಒತ್ತಿದರಲ್ಲ, ಅದೂ ನನ್ನ ಕಡೆಗೆ! ನಿನ್ನ ಒಂದು ಸಾಲು ಬರದಿದ್ದರೆ ಇಷ್ಟೂ ನನಗೆ ಸಿಗುತ್ತಿರಲಿಲ್ಲ. ಮರುದಿನ ಗುಣವತಿ, "ಇವತ್ತ ಮಾರಿ ಮ್ಯಾಲ ಕಳಾ ಐತಿ ನೋಡ್ರಿ" ಎಂದಳು.

ಶ್ರಾವಣದಲ್ಲಿ ಗುಡಿಗೆ ಹೋದಾಗ ನಮ್ಮಿಬ್ಬರ ಹೆಸರಲ್ಲೂ ಒಂದು ಕಾಯಿ ಒಡೆಸು. ನಿನ್ನ ಕಣ್ಣು ತಿಳಿಯಾಗಲಿ, ನಾಲಿಗೆ ಮಾತ್ರ ಹೀಗೇ ಹರಿತವಾಗಿರಲಿ.

ನಿನ್ನ
ಗುರುದೇವಿ

ತಾ.ಕ.: ಮೇಲೆ ಬರೆಯಲು ಕೈ ಬರಲಿಲ್ಲ. ಕೊನೆಯ ದಿನ ಅವರ ಬೆರಳು ಆಡಲಿಲ್ಲ. ಕಣ್ಣು ಮಾತ್ರ ನನ್ನ ಮುಖದ ಮೇಲೇ ಇದ್ದವು. ಇವತ್ತು ನೋವು ಇಳಿದಿದೆ, ಸಮಾಧಾನವಾಗಿದ್ದಾರೆ ಎಂದು ನರ್ಸಮ್ಮನಿಗೆ ನಾನೇ ಹೇಳಿದೆ. ಅವರು ಕಳಿಸಿಯಾಗಿತ್ತು ಶೈಲಾ. ಬೀಗ ಹಾಕಿಕೊಂಡು ನನ್ನ ಉತ್ತರಕ್ಕೆ ಕಾಯುತ್ತಿದ್ದರು.