ಬೀಡಿ ಉಂಟಾ?

ಪಡೀಲ್, ಮಂಗಳೂರು
೧೯ ನವೆಂಬರ್ ೨೦೨೪

ಪ್ರೀತಿಯ ಇವರಿಗೆ,

ಹೇಗಿದ್ದೀರಿ? ಸೊಂಟನೋವು ಕಡಿಮೆಯಾಯಿತಾ? ದಿನಾ ಹೋಟೆಲಿನ ಪರೋಟ ತಿಂದು ಹೊಟ್ಟೆ ಕೆಡಿಸಿಕೊಳ್ಳಬೇಡಿ, ಒಂದು ಹೊತ್ತು ಗಂಜಿಯಾದರೂ ಬೇಯಿಸಿಕೊಳ್ಳಿ. ಆಚೆಮನೆಯ ರಿಯಾಝಣ್ಣನ ರಜೆ ಮುಗಿಯಿತು, ಇವತ್ತು ಸಂಜೆ ನೀವಿರುವ ದುಬೈಗೆ ವಾಪಸು ಹೊರಟಿದ್ದಾರೆ. ಮಾಮಿ ಮಗನಿಗೆಂದು, ನಿಮಗೆಂದೇ, ಉಪ್ಪಿನಕಾಯಿ ಕಟ್ಟಿದ್ದಾರೆ, ಜೊತೆಗೆ ನನ್ನ ಈ ಕಾಗದ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಮಾಮಿಯ ಕಿವಿ ಗೊತ್ತುಂಟಲ್ಲ, ನಿಮ್ಮ ಅಮ್ಮನಲ್ಲವಾ. ಅಷ್ಟು ದೂರದ ಪಂಪ್‌ವೆಲ್ ಸರ್ಕಲಿನಲ್ಲಿ ಹಾರ್ನ್ ಹೊಡೆದರೆ ಇಲ್ಲಿ ಕೂತು ಯಾವ ಬಸ್ಸೆಂದು ಹೇಳಿಯಾರು.

ಮಗು ಚೆನ್ನಾಗಿ ಒದೆಯುತ್ತದೆ. ಕೆಟ್ಟ ಸುದ್ದಿ ನನ್ನದು. ನಾನು ಬೀಡಿ ಸೇದಲು ಕಲಿತಿದ್ದೇನೆ. ಬಸುರಿ ಎಂದು ಗೊತ್ತಾದ ಮೇಲೂ ಸೇದಿದೆ. ಸಿಟ್ಟು ಬಂದರೆ ಬರಲಿ, ಓದಿ ಮುಗಿಸಿ. ನೀವು ಹೋದ ಮೇಲೆ ಒಂದು ದಿನ ನಿಮ್ಮ ಅಂಗಿಯ ವಾಸನೆ ಬೇಕೆನಿಸಿ, ನಾನೂ ಮಾಮಿಯೂ ಕಟ್ಟಿಟ್ಟ ಬೀಡಿಯಲ್ಲಿ ಒಂದನ್ನು ಹಚ್ಚಿದೆ. ನಿಮ್ಮ ಸಿಗರೇಟಿನ ವಾಸನೆಯೇ ಬೇರೆ, ಆದರೂ ಮೂಗಿಗೆಂದು ಹಚ್ಚಿದ್ದು ಬಾಯಿಗೆ ಬಂತು. ಆಮೇಲೆ ಬಚ್ಚಲಿನ ಹಿಂದೆ ನಿಂತು ದಿನಾ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಹಾಗೆ. ಮನೆಯಿಡೀ ಹೊಗೆಸೊಪ್ಪಿನ ವಾಸನೆ ಇರುವಾಗ ನನ್ನ ಬಾಯಿಯದ್ದು ಮಾಮಿಗೆ ಹೇಗೆ ತಿಳಿಯಬೇಕು?

ಆಸ್ಪತ್ರೆಗೆ ಮೊದಲ ಸಲ ಹೋದಾಗ ಎಸ್ತೆರ್ ಸಿಸ್ಟರ್ "ಬೀಡಿ ಉಂಟಾ?" ಎಂದು ಕೇಳಿದರು. ಉಂಟು ಎಂದೆ. ನಮ್ಮಲ್ಲಿ ಹೆಂಗಸರನ್ನು ಹಾಗೆ ಕೇಳಿದರೆ ಬೀಡಿ ಕಟ್ಟುವ ಕೆಲಸ ಉಂಟಾ ಎಂದೇ ಅರ್ಥವಲ್ಲವಾ, ಅವರೂ ಹಾಗೇ ಬರೆದುಕೊಂಡರು. ನಾನು ಸುಳ್ಳು ಹೇಳಲಿಲ್ಲ, ನಿಜವೂ ಹೊರಗೆ ಬರಲಿಲ್ಲ.

ಮುಂದಿನ ಸಲ ಬಿಪಿ ನೋಡಲು ಹತ್ತಿರ ಬಂದಾಗ ಅವರಿಗೆ ವಾಸನೆ ಸಿಕ್ಕಿರಬೇಕು. ಮಾಮಿಯನ್ನು ಮಾತ್ರೆ ತರಲು ಕಳಿಸಿ ಬಾಗಿಲು ಹಾಕಿದರು. "ಕಟ್ಟುವುದು ಮಾತ್ರವಾ, ಪ್ರಾಪ್ತಿ?" ಎಂದರು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಹೊಗೆಯಿಂದ ಮಗುವಿನ ತೂಕ ಏರುವುದಿಲ್ಲ, ದಿನ ತುಂಬುವ ಮೊದಲೇ ಹೆರಿಗೆಯಾಗಬಹುದು ಎಂದರು. ಇವತ್ತು ಬಿಟ್ಟರೂ ಮಗುವಿಗೆ ಒಳ್ಳೆಯದೇ ಎಂದೂ ಹೇಳಿದರು. ಬೈಗುಳಕ್ಕೆ ಕಾದು ಕೂತಿದ್ದೆ, ಅದು ಬರಲಿಲ್ಲ. "ಬೇಕು ಅಂತ ಯಾವಾಗ ಆಗ್ತದೆ?" ಎಂದು ಕೇಳಿದರು. ನೀವು ಹೋದಂದಿನಿಂದ ನನಗೆ ಯಾವಾಗ ಏನಾಗುತ್ತದೆ ಎಂದು ಒಬ್ಬರೂ ಕೇಳಿರಲಿಲ್ಲ. ಅಲ್ಲೇ ಅತ್ತುಬಿಟ್ಟೆ.

ಗುಟ್ಟು ಬಿಟ್ಟುಕೊಡದೆ ಅವರೇ ಮಾಮಿಗೆ, ಬಸುರಿಯ ಮೂಗಿಗೆ ಹೊಗೆಸೊಪ್ಪಿನ ಹುಡಿ ಆಗುವುದಿಲ್ಲ ಎಂದರು. ಮಾಮಿ ಮರುದಿನವೇ ಬೀಡಿ ಕಟ್ಟುವ ಮೊರ ಎತ್ತಿಕೊಂಡು ಆಚೆಮನೆಯ ಜಗಲಿಗೆ ಹೋದರು. ಈಗ ಹಗಲಿಡೀ ನನ್ನ ಕೈಗೆ ಕೆಲಸವಿಲ್ಲ, ಮಾತಿಗೆ ಜನವಿಲ್ಲ, ಗೋಡೆ ನೋಡಿ ನೋಡಿ ಸಾಕಾಗಿದೆ. ಆಸೆ ಬಂದಾಗ ಸಿಸ್ಟರಿಗೆ ಮಿಸ್ಡ್ ಕಾಲ್ ಕೊಡುತ್ತೇನೆ. ಅವರು ಬಿಡುವಾದ ಕೂಡಲೇ ತಿರುಗಿ ಮಾಡಿ ಬಂಗುಡೆ ಮೀನಿನ ರೇಟು, ಮಗಳ ಪರೀಕ್ಷೆ, ಎಂತೆಂತದೋ ಮಾತಾಡುತ್ತಾರೆ. ಅವರ ಮಾತು ಮುಗಿಯುವಾಗ ಆಸೆ ಹೋಗಿರುತ್ತದೆ.

ಆದರೂ ಮೊನ್ನೆ ಭಾನುವಾರ ತಪ್ಪಿ, ಬಚ್ಚಿಟ್ಟಿದ್ದ ಒಂದನ್ನು ಹಚ್ಚಿದೆ. ಒಂದು ಸೇದಿದ್ದಕ್ಕೆ ಬಿಟ್ಟದ್ದೆಲ್ಲ ಹಾಳಾಗಲಿಲ್ಲ, ಬಿಡಲು ಪುನಃ ಶುರು ಮಾಡುವ ಎಂದರು ಸಿಸ್ಟರ್. ಹಚ್ಚುವ ಮೊದಲು ಎಂತ ಆಗಿತ್ತು ಎಂದು ಕೇಳಿದರು. ಹೇಳಿದೆ. "ಇದನ್ನು ನನಗೆ ಅಲ್ಲ, ಗಂಡನಿಗೆ ಹೇಳು" ಎಂದರು. ಅದಕ್ಕೇ ಕೂತವಳು ಇಷ್ಟುದ್ದ ಬರೆದೆ, ಅದೊಂದು ಬಿಟ್ಟು.

ಮಾಮಿಯ ಆಶೀರ್ವಾದ ಉಂಟು. ನನ್ನ ಮಗ ದೀಪೇಶನಿಗೆ ಎಣ್ಣೆಸ್ನಾನ ಮರೆಯಬೇಡ ಎಂದು ಬರಿ ಎಂದಿದ್ದಾರೆ. ಜಾಗ್ರತೆ.

ನಿಮ್ಮ
ಪ್ರಾಪ್ತಿ

ಮತ್ತೊಂದು: ರಿಯಾಝಣ್ಣ ಗೇಟಿನ ಹತ್ತಿರ ಬಂದಾಯಿತು. ನೀವು ಫೋನಿನಲ್ಲಿ ಮಾತಾಡುತ್ತಾ ಲೈಟರ್ ಒತ್ತುವ ಶಬ್ದ ಇಲ್ಲಿಗೆ ಕೇಳುತ್ತದೆ. ಭಾನುವಾರ ನಾನು ಹಚ್ಚಿದ್ದೂ ಅದು ಕೇಳಿಯೇ. ನೀವು ಹೊಗೆ ಎಳೆದು ಸುಮ್ಮನಾಗುವಾಗ ನಾನೂ ಇಲ್ಲಿ ಎಳೆಯುತ್ತಿದ್ದೆ, ಇಬ್ಬರೂ ಒಟ್ಟಿಗೆ ಕೂತ ಹಾಗೆ ಆಗುತ್ತಿತ್ತು. ನನಗೆ ಇದ್ದ ಸಂಸಾರ ಅಷ್ಟೇ. ಇನ್ನು ಅದು ಬೇಡ. ಫೋನ್ ಮಾಡುವಾಗ ಸೇದಬೇಡಿ. ಆಗುವುದಿಲ್ಲವಾದರೆ ಹೆರಿಗೆಯಾಗುವವರೆಗೆ ಫೋನೇ ಮಾಡಬೇಡಿ. ನಿಮ್ಮ ಸ್ವರ ಕೇಳದೆ ಹೇಗಿರುವುದೋ ನನಗೆ ಗೊತ್ತಿಲ್ಲ. ಆದರೂ ಮಾಡಬೇಡಿ.