ಆ ತುದಿಯ ಬೆಂಚು

ಸ್ಟೇಷನ್ ಮಾಸ್ಟರ್ ಅವರಿಗೆ ನಮಸ್ಕಾರ.

ಊರಾಚೆಯ ಈ ನೆಲದಡಿಯ ನಿಲ್ದಾಣದ ನಕ್ಷೆ ಬರೆದವರು ನಮ್ಮ ಯಜಮಾನರು. ಮಣ್ಣಿನ ಭಾರ ತಡೆಯಲಿ ಎಂದು ಪ್ಲಾಟ್‌ಫಾರಂ ಗೋಡೆಯನ್ನು ಬಾಗಿಸಿ ಕಟ್ಟಿಸಿದರು. ಒಂದು ತುದಿಯಲ್ಲಿ ಪಿಸುಗುಟ್ಟಿದ್ದು ಇನ್ನೊಂದು ತುದಿಗೆ ಕೇಳುತ್ತದೆಂದು ಅವರಿಗೂ ಆಮೇಲೆಯೇ ಗೊತ್ತಾದದ್ದು. ಉದ್ಘಾಟನೆಯ ದಿನ, ಭಾಷಣಗಳ ನಡುವೆ, ಆ ತುದಿಯ ಬೆಂಚಿನಿಂದ, ಈ ತುದಿಯಲ್ಲಿ ಕೂತಿದ್ದ ನನ್ನನ್ನು ಮೆಲ್ಲಗೆ ಕೇಳಿದ್ದರು: "ಕಾಲು ನೋಯ್ತಿದ್ಯೇನೇ? ಮನೆಗೆ ಹೋಗೋಣ್ವಾ?"

ಅವರು ತೀರಿಕೊಂಡ ಮೇಲೂ ಸಂಜೆ ಬಂದು ಈ ತುದಿಯಲ್ಲಿ ಕೂರುತ್ತೇನೆ. ಆ ಬೆಂಚು ಖಾಲಿಯಿರುತ್ತದೆ. ಆದರೂ ಅದೇ ಮಾತು ಕೇಳಿಸುತ್ತದೆ. ನಾನಿನ್ನೂ ಹೂಂ ಅಂದಿಲ್ಲ.

ಮೊನ್ನೆ ನೀವು ಗೋಡೆಗೆ ಜಾಹೀರಾತಿನ ಹಲಗೆಗಳನ್ನು ಹೊಡೆಸಿದಿರಿ. ಪಿಸುಮಾತು ಈಗ ದಾಟುವುದಿಲ್ಲ. ದಯವಿಟ್ಟು ತೆಗೆಸಿ. ಬದುಕಿದ್ದಾಗ ಅವರು ಒಮ್ಮೆಯೂ ದನಿ ಎತ್ತಿದವರಲ್ಲ.

ನಿನ್ನೆ ಕೂಗಿ ಕರೆದರು.

ಇಂತಿ,
ಈ ತುದಿಯ ಬೆಂಚಿನವಳು