ಒಂದು ರೂಪಾಯಿಗೆ ನಾಲ್ಕು ರೂಪಾಯಿ ಹತ್ತು ಪೈಸೆ

ಭಟ್ಟಿ ಓಣಿ, ದಾವಣಗೆರೆ
ಫೆಬ್ರವರಿ ಮೂವತ್ತು, ಹದಿಮೂರನೆಯ ಒರೆಯ ವರ್ಷ. ನಿಮ್ಮ ಎಣಿಕೆಯಲ್ಲಿ 2182

ಮಾನ್ಯ ಹೊನ್ನೂರಮ್ಮನವರಿಗೆ, ನಿಮ್ಮ ಮರಿಮೊಮ್ಮಗಳ ಮೊಮ್ಮಗಳಾದ ಮಾಬುನ್ನಿಯ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಬರೆದವಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ದುಡಿಮೆಯ ದಿನಗಳು ತಿಂಗಳು ತಿಂಗಳೂ ಸರಿಸಮ ಬರಲಿ ಎಂದು ಹಾಗೆ ಮಾಡಿದರು. ವರ್ಷದ ಕೊನೆಗೆ ಮಿಗುವ ಐದು ದಿನಗಳಿಗೆ ಹೆಸರೂ ಇಲ್ಲ, ಸಂಬಳವೂ ಇಲ್ಲ. ನನ್ನ ಮಾತು ನಿಮಗೆ ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನೀವು ಇನ್ನೂ ಬರೆಯದೇ ಇರುವ ವರದಿಯನ್ನು ಓದಿ. ಹೀಗಾಗಿ ಈ ಕಾಗದಕ್ಕೆ ಕಚೇರಿಯ ವಾಸನೆ ಬಡಿದಿದ್ದರೆ ಅರ್ಧ ತಪ್ಪು ನಿಮ್ಮದು.

ನಾನು ಈ ಓಣಿಯ ಫಲಗಣಕಿ. ನಮ್ಮ ಓಣಿಯನ್ನು ಉಳಿಸಿಕೊಂಡರೆ ಊರಿಗೆ ಎಷ್ಟು ಲಾಭ ಎಂದು ಹನ್ನೆರಡು ವರ್ಷಕ್ಕೊಮ್ಮೆ ಲೆಕ್ಕ ಮಾಡಿ ತೋರಿಸುವುದು ನನ್ನ ಕೆಲಸ. ಆ ಪರೀಕ್ಷೆಗೆ ಒರೆ ಎಂದು ಹೆಸರು. ಫಲಗಣಕಿಯಾದವಳಿಗೆ ಸೇವೆಯಲ್ಲಿ ಒಂದು ಸಲ ಹಿಂದಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ, ಒಂದು ಕಾಗದ ಹಾಕುವ ಹಕ್ಕಿದೆ. ಹಾಕಿದವರು ಬಹಳ ಮಂದಿ, ಉತ್ತರ ಬಂದದ್ದು ಯಾರಿಗೂ ಇಲ್ಲ. ಕಾಗದದಿಂದ ಏನಾದರೂ ಬದಲಾದರೆ ಹಾಕಿದವರಿಗೆ ಮೊದಲು ಹೇಗಿತ್ತೆಂಬ ನೆನಪೇ ಉಳಿಯುವುದಿಲ್ಲವಂತೆ. ನನ್ನ ಕಾಗದ ನಿಮ್ಮ ಕೈಗೆ ಮುಟ್ಟುವುದು 2026ರ ಏಪ್ರಿಲ್ ಆರು, ಸೋಮವಾರ. ಗುರುವಾರ ನಿಮ್ಮ ಓಣಿಗೆ ಸಮೀಕ್ಷೆಯವರು ಬರುತ್ತಾರೆ.

ನಿಮಗೀಗ ಇಪ್ಪತ್ತಾರು ವರ್ಷ. ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ಹುಟ್ಟಿ ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದ ಓಣಿಯ ಮೊದಲ ಹುಡುಗಿ. ಹೊಟ್ಟು ಸಾಲದಾದಾಗ ಹಳೆಯ ಟೈರು ಉರಿಸಿ ಅಕ್ಕಿ ಹುರಿಯುವ ಮುನ್ನೂರ ಹನ್ನೆರಡು ಮನೆಗಳನ್ನು ಕೆಡವಿ ಗೋದಾಮು ಕಟ್ಟಬೇಕೆಂದು ಕೆಲವರು ಹೊರಟಿದ್ದಾರೆ. ಕೆಡವುವುದಕ್ಕಿಂತ ಉದ್ಧಾರ ಮಾಡುವುದರಲ್ಲೇ ದುಡ್ಡಿದೆ ಎಂದು ತೋರಿಸಿದರೆ ನಾವು ಹಣ ಹಾಕುತ್ತೇವೆ ಎಂದು ಇನ್ನೊಂದು ಸಂಸ್ಥೆ ನಿಮ್ಮನ್ನು ವರದಿ ಬರೆಯಲು ನೇಮಿಸಿದೆ. ಅವರಿಗೆ ಒಂದು ರೂಪಾಯಿಗೆ ನಾಲ್ಕಾದರೂ ಬರಬೇಕು. ಕರುಣೆಯ ಮಾತು ಯಾರ ಕಿವಿಗೂ ಬೀಳುವುದಿಲ್ಲ, ಲಾಭದ ಮಾತು ಬೀಳುತ್ತದೆ ಎಂದು ನೀವು ಲೆಕ್ಕ ಹಾಕಿದ್ದೀರಿ. ಬಲು ಜಾಣೆ. ನೂರೈವತ್ತಾರು ವರ್ಷವಾದರೂ ನಿಮ್ಮ ಜಾಣತನ ನಮ್ಮ ಹೆಗಲಿನಿಂದ ಇಳಿದಿಲ್ಲ.

ನೀವು ಗೆಲ್ಲುತ್ತೀರಿ. ಓಣಿಗೆ ಹಾಕಿದ ಒಂದು ರೂಪಾಯಿಗೆ ನಾಲ್ಕು ರೂಪಾಯಿ ಹತ್ತು ಪೈಸೆ ಮರಳುತ್ತದೆ ಎಂಬ ನಿಮ್ಮ ವಾಕ್ಯವನ್ನು ಓಣಿಯ ಬಾಯಲ್ಲೇ ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಅದರ ಕೆಳಗೆ ನಿಂತು ನೋಡಿದರೆ ಎರಡು ಲಾರಿ ಎದುರುಬದುರು ಹೋಗುವಷ್ಟು ಅಗಲದ ರಸ್ತೆ, ಮುಚ್ಚಿದ ಚರಂಡಿ, ಸಾಲು ಹೊಂಗೆಮರ. ನಲ್ಲಿಯಲ್ಲಿ ಹಗಲು ರಾತ್ರಿ ನೀರು. ಭಟ್ಟಿಗಳು ಈಗ ನೆಲದಡಿಯಲ್ಲಿವೆ, ಬಿಸಿ ಮರಳಿನ ಮೇಲೆ ಅಕ್ಕಿ ಅರಳುವ ಸದ್ದು ಮಾತ್ರ ಮೇಲೆ ಕೇಳುತ್ತದೆ, ಹೊಗೆ ಇಲ್ಲವೇ ಇಲ್ಲ. ಮಿಕ್ಕ ಹೊಟ್ಟನ್ನು ಒತ್ತಿ ಮನೆ ಕಟ್ಟುವ ಇಟ್ಟಿಗೆ ಮಾಡುತ್ತೇವೆ. ನಮ್ಮ ಮಕ್ಕಳು ಯಾರೂ ಶಾಲೆ ಬಿಡುವುದಿಲ್ಲ. ಸಂಜೆ ಮಂಡಕ್ಕಿ ಮೆಣಸಿನಕಾಯಿ ತಿನ್ನಲು ಬೇರೆ ಬಡಾವಣೆಯವರು ಗಾಡಿ ಕಟ್ಟಿಕೊಂಡು ಬರುತ್ತಾರೆ. ಇಷ್ಟನ್ನು ಓದಿ ನಿಮಗೆ ಹೆಮ್ಮೆಯಾಗಿರಬಹುದು. ಆಗಲಿ, ಸ್ವಲ್ಪ ಹೊತ್ತು ಇರಲಿ.

ಹನ್ನೆರಡು ವರ್ಷಕ್ಕೊಮ್ಮೆ ನಾವು ಆ ಕಲ್ಲಿನ ಮಾತನ್ನು ಮತ್ತೆ ನಿಜಮಾಡಿ ತೋರಿಸಬೇಕು. ನಾಲ್ಕು ರೂಪಾಯಿ ಹತ್ತು ಪೈಸೆಗೆ ಒಂದು ಪೈಸೆ ಕಡಿಮೆಯಾದರೂ ಓಣಿ ಬಯಲು. ಅದಕ್ಕೇ ಪ್ರತಿ ಮನೆಯ ಬಾಗಿಲಿಗೆ ಫಲಪಟ್ಟಿ ಎಂಬ ಹಲಗೆ ಇದೆ. ಮನೆಯ ಯಾರಿಗೆ ಎಷ್ಟು ಖರ್ಚು, ಯಾರಿಂದ ಎಷ್ಟು ಹುಟ್ಟುವಳಿ ಎಂದು ಅದು ದಿನವೂ ತೋರಿಸುತ್ತದೆ. ಹೆಣ್ಣು ನೋಡಲು ಬಂದವರು ಒಳಗೆ ಕಾಲಿಡುವ ಮುಂಚೆ ಅದನ್ನು ಓದುತ್ತಾರೆ. ಗೋಡೆಗಳಲ್ಲಿ ಕೆಮ್ಮುಗಿವಿ ಎಂಬ ಬಟನ್ನಿನಷ್ಟು ಚಿಕ್ಕ ಯಂತ್ರಗಳಿವೆ. ಯಾರು ಎಷ್ಟು ಸಲ ಕೆಮ್ಮಿದರು ಎಂದು ಕೇಳಿಸಿಕೊಂಡು, ಮುಂದೆ ಅವರ ಔಷಧಕ್ಕೆ ತಗಲುವ ವೆಚ್ಚವನ್ನು ಇಂದೇ ಓಣಿಯ ಲೆಕ್ಕಕ್ಕೆ ಸೇರಿಸುತ್ತವೆ. ನಮ್ಮಲ್ಲಿ ಹಾಲು ಕುಡಿಯುವ ಕೂಸಿಗೂ ಕೆಮ್ಮು ನುಂಗಲು ಬರುತ್ತದೆ. ನಾವು ಓಣಿಯವರು ಬಾಯಿ ಮುಚ್ಚಿ ನಗುವವರು ಎಂದು ಹೊರಗಿನವರು ಹೊಗಳುತ್ತಾರೆ, ನಾವು ನಗುತ್ತಿರುವುದಿಲ್ಲ.

ಸುಳ್ಳು ಲೆಕ್ಕ ಬರೆಯಬಾರದೇ ಎಂದು ಕೇಳುತ್ತೀರಿ. ನನ್ನ ಲೆಕ್ಕವನ್ನು ತಾಳೆ ನೋಡುವವರು ಪಕ್ಕದ ಬಡಾವಣೆಯ ಫಲಗಣಕರು. ನಾವು ಬಿದ್ದರೆ ನಮ್ಮ ನೀರು, ನಮ್ಮ ಶಾಲೆ ಅವರ ಪಾಲಾಗುತ್ತದೆ. ಅವರ ಕಣ್ಣು ಎಷ್ಟು ಚುರುಕಾಗಿರುತ್ತದೆ ಎಂದು ನಿಮ್ಮಂಥ ಅರ್ಥಶಾಸ್ತ್ರಿಗೆ ಬಿಡಿಸಿ ಹೇಳಬೇಕಿಲ್ಲ. ಹಿಂದಿನ ಒರೆಯಲ್ಲಿ ಗಾಲಿ ಓಣಿ ಮೂರು ರೂಪಾಯಿ ತೊಂಬತ್ತೆಂಟಕ್ಕೆ ನಿಂತಿತು. ಒಂಬತ್ತು ದಿನದಲ್ಲಿ ಅಲ್ಲಿ ನೆಲ ಸಮವಾಯಿತು. ಅಲ್ಲಿನ ನನ್ನ ಸಹಪಾಠಿಯೊಬ್ಬಳು ಈಗ ಯಾವ ಊರಿನಲ್ಲಿದ್ದಾಳೆಂದು ಯಾರಿಗೂ ತಿಳಿಯದು. ಬಡಾವಣೆ ಇಲ್ಲದವರನ್ನು ಎಲ್ಲಿಯೂ ಬರೆದುಕೊಳ್ಳುವುದಿಲ್ಲ.

ಹಾಗಾದರೆ ಓಣಿ ಹನ್ನೆರಡು ಒರೆ ದಾಟಿದ್ದು ಹೇಗೆ? ನೀವು ತೋರಿಸಿಕೊಟ್ಟ ದಾರಿಯಲ್ಲಿ. ದುಡಿಯಲಾಗದ ಮುದುಕರನ್ನು ಒರೆಗೆ ಮುಂಚೆ ಹೊಟ್ಟುಮನೆಗೆ ಕಳಿಸುತ್ತೇವೆ. ಅದು ಇಲ್ಲಿಂದ ತೊಂಬತ್ತು ಕಿಲೋಮೀಟರು ದೂರದ ಒಂದು ಉದ್ದನೆಯ ಶೆಡ್ಡು. ಹೊಡೆಯುವುದಿಲ್ಲ, ಬೈಯುವುದಿಲ್ಲ, ಹೊತ್ತು ಹೊತ್ತಿಗೆ ಊಟ ಹಾಕುತ್ತಾರೆ. ಆದರೆ ಅಲ್ಲಿಗೆ ಹೋದವರು ಯಾವ ಓಣಿಯ ಲೆಕ್ಕದಲ್ಲಿಯೂ ಇರುವುದಿಲ್ಲ. ನೋಡಲು ಹೋದರೆ ನಮ್ಮ ದುಡಿಮೆಯ ಒಂದು ದಿನ ಹಾಳು, ಹೀಗಾಗಿ ಹೋಗುವ ಪದ್ಧತಿ ಇಲ್ಲ. ಹೊಟ್ಟುಮನೆ ಎಂಬ ಹೆಸರು ಎಲ್ಲಿಂದ ಬಂತೆಂದು ಮಕ್ಕಳು ಕೇಳಿದರೆ ದೊಡ್ಡವರಿಗೆ ಗೊತ್ತಿಲ್ಲ. ನನಗೆ ಗೊತ್ತು, ಏಕೆಂದರೆ ನಿಮ್ಮ ನೋಟ್‌ಬುಕ್ಕು ನಮ್ಮ ಕಚೇರಿಯ ಕಪಾಟಿನಲ್ಲಿದೆ. ಗುರುವಾರದ ಪುಟವನ್ನು ನೀವು ಪೆನ್ಸಿಲ್ಲಿನಲ್ಲಿ ಬರೆದಿದ್ದೀರಿ.

ಆ ಪುಟದಲ್ಲಿ ಇರುವುದು ಇಷ್ಟು. ಸಮೀಕ್ಷೆಯವರು ಸರ್ಕಾರದವರಲ್ಲ, ಸಾಲ ಕೇಳುವವರಲ್ಲ, ಓಣಿಗೆ ಒಳ್ಳೆಯದು ಮಾಡಲು ಬರುವವರು ಎಂದು ನೀವೇ ಹೆಂಗಸರಿಗೆ ತಿಳಿಸಿ ಹೇಳಿದಿರಿ. ಹೆಂಗಸರು ಕೂಡಲೇ ಬರುವವರನ್ನು ನೆಂಟರೆಂದು ತಿಳಿದುಬಿಟ್ಟರು. ನೆಂಟರು ಬಂದಾಗ ಓಣಿಯಲ್ಲಿ ಏನು ಮಾಡುತ್ತಾರೋ ಅದನ್ನೇ ಮಾಡಿದರು. ಅಂಗಳ ಸಾರಿಸಿದರು, ಪಕ್ಕದ ಮನೆಯ ಸ್ಟೀಲು ಲೋಟ ತಂದಿಟ್ಟರು, ಭಟ್ಟಿಗೆ ಟೈರು ಹಾಕುವುದನ್ನು ನಿಲ್ಲಿಸಿದರು. ನಿಮ್ಮ ಚಿಕ್ಕಮ್ಮ, “ಬಂದೋರ ಮುಂದೆ ಮುದುಕ್ರು ಕೆಮ್ಕಂತ ಉಗುಳ್ಕಂತ ಕುಂತ್ರೆ ಚಂದ ಕಾಣ್ತೈತೇನೆ? ಮಾನ ಹೋಗ್ತತಿ” ಎಂದರು. ಸಮೀಕ್ಷೆಗೆ ಆಯ್ದ ನಲವತ್ತು ಮನೆಗಳ ಏಳು ಮುದುಕರನ್ನು ಹೊಟ್ಟು ತುಂಬುವ ಕೋಣೆಯಲ್ಲಿ ಕೂರಿಸಿದರು. ಬಾಗಿಲು ಗಾಳಿಗೆ ತೆರೆಯುತ್ತಿತ್ತು, ಚಿಲಕ ಹಾಕಿದವರು ನೀವು. ಏಳು ಜನರಲ್ಲಿ ನಿಮ್ಮ ಅವ್ವ ದುರುಗಮ್ಮನೂ ಒಬ್ಬರು. ಸಮೀಕ್ಷೆಯವನು ಮನೆಯ ಜನರನ್ನು ಬರೆದುಕೊಂಡು, “ಇಷ್ಟೇ ಜನಾನಾ?” ಎಂದು ಕೇಳಿದ. “ಇಷ್ಟೇ ಸಾರ್” ಎಂದಿರಿ.

ಮೋಸ ಮಾಡಬೇಕೆಂದು ನೀವು ಹಾಗೆ ಹೇಳಲಿಲ್ಲ. ಆಮೇಲೆ ಸೇರಿಸಿದರಾಯಿತು ಎಂದುಕೊಂಡಿರಿ, ಅದನ್ನೂ ಬರೆದಿದ್ದೀರಿ. ಆದರೆ ಅದು ನಲವತ್ತು ಮನೆ ನೋಡಿ ಇಡೀ ಓಣಿಗೆ ಹಿಗ್ಗಿಸುವ ಲೆಕ್ಕ. ರಾತ್ರಿ ನೀವೇ ಸೇರಿಸಿ ನೋಡಿದಾಗ ಆ ಏಳು ಜನ ಹಿಗ್ಗಿ ಐವತ್ತೈದಾದರು, ಅವರ ಶ್ವಾಸಕೋಶದ ಔಷಧ, ಪಿಂಚಣಿ, ನೋಡಿಕೊಳ್ಳುವವರ ಕೂಲಿ ಎಲ್ಲ ಸೇರಿ ಉತ್ತರ ಎರಡು ರೂಪಾಯಿ ತೊಂಬತ್ತಕ್ಕೆ ಇಳಿಯಿತು. ಅವರಿಲ್ಲದಿದ್ದರೆ ನಾಲ್ಕು ಹತ್ತು. ನೀವು ಪುಟದ ಅಂಚಿನಲ್ಲಿ “ಅವ್ವನನ್ನು ಮುಂದಿನ ವರದಿಯಲ್ಲಿ ಸೇರಿಸುವುದು” ಎಂದು ಬರೆದು ಅಡಿಗೆರೆ ಹಾಕಿದ್ದೀರಿ. ಮುಂದಿನ ವರದಿಯಲ್ಲಿ ದುರುಗಮ್ಮ ಇಲ್ಲ, ಅಷ್ಟರೊಳಗೆ ತೀರಿಕೊಂಡಿದ್ದರು. ಆ ದಿನ ಸಂಜೆ ನಾಲ್ಕಕ್ಕೆ ನೀವು ಚಿಲಕ ತೆಗೆದಾಗ ಅವರು ಹೊಟ್ಟಿನ ಚೀಲಕ್ಕೆ ಒರಗಿ ಕೂತಿದ್ದರಂತೆ, ಸೀರೆ ಬೆವರಿಗೆ ಮೈಗಂಟಿತ್ತಂತೆ. “ಹೋದ್ರೇನೆ? ನಾನು ಒಂದ್ಸಲಾನೂ ಕೆಮ್ಲಿಲ್ಲ ನೋಡು” ಎಂದರಂತೆ. ಈ ಸಾಲನ್ನು ಓದಿದಾಗಲೆಲ್ಲ ನನಗೆ ನಿಮ್ಮ ಕೆನ್ನೆಗೆ ಬಾರಿಸಬೇಕೆನ್ನಿಸುತ್ತದೆ.

ಬಾರಿಸುವ ಯೋಗ್ಯತೆ ನನಗಿಲ್ಲ. ಈ ವರ್ಷದ ಒರೆಗೆ ಎಂಟು ಮುದುಕರನ್ನು ಕಳಿಸಿದ ಮೇಲೂ ಉತ್ತರ ನಾಲ್ಕು ರೂಪಾಯಿ ಒಂಬತ್ತು ಪೈಸೆಗೆ ನಿಂತಿತು. ಉಳಿದವರಲ್ಲಿ ಎಲ್ಲರಿಗಿಂತ ಹೆಚ್ಚು ಖರ್ಚಿನವರು ನನ್ನ ಅವ್ವ ಹಾಲಮ್ಮ. ವಯಸ್ಸು ಎಪ್ಪತ್ತಮೂರು, ಹೊಟ್ಟಿನ ಇಟ್ಟಿಗೆಯ ಧೂಳು ಎದೆಗೆ ಇಳಿದಿದೆ, ದಿಂಬಿನಲ್ಲಿ ಮುಖ ಒತ್ತಿ ಕೆಮ್ಮಿದರೂ ಕೆಮ್ಮುಗಿವಿಗೆ ಕೇಳುತ್ತದೆ. ನನಗಿಂತ ಮುಂಚೆ ಫಲಗಣಕಿಯಾಗಿದ್ದವರು ಅವ್ವನೇ. ತನ್ನ ಅವ್ವನನ್ನು ಹೊಟ್ಟುಮನೆಯ ಗಾಡಿ ಹತ್ತಿಸಿದವರೂ ಅವರೇ. ಮೊನ್ನೆ ಬೆಳಿಗ್ಗೆ ಕಟ್ಟೆಯ ಮೇಲೆ ಮಂಡಕ್ಕಿಯಲ್ಲಿ ಕಲ್ಲು ಆರಿಸುತ್ತ ಕೂತಿದ್ದಾಗ ನಾನು ಹೋಗಿ ಎದುರು ನಿಂತೆ. ನನ್ನ ಮುಖ ನೋಡಿಯೇ ತಿಳಿದುಕೊಂಡರು. “ನಾನು ದಿನಾ ಕಲ್ಲು ಆರಿಸ್ತೀನಲ್ಲ, ಅದನ್ನ ಹಾಕಿದ್ಯೇನವ್ವ?” ಎಂದು ಕೇಳಿದರು. “ಹಾಕೀನವ್ವ” ಎಂದೆ. “ಇನ್ನೊಂದ್ಸಲ ಕೂಡಿಸಿ ನೋಡು” ಎಂದರು. ಹಾಳೆಗಳನ್ನು ಅವರ ಮಡಿಲಿಗೇ ಇಟ್ಟೆ. ಕನ್ನಡಕ ಒರೆಸಿಕೊಂಡು, ಒಂದೊಂದು ಸಾಲಿನ ಮೇಲೂ ಬೆರಳಿಟ್ಟು, ಮಧ್ಯಾಹ್ನದವರೆಗೆ ಎರಡು ಸಲ ಕೂಡಿಸಿ ನೋಡಿದರು. ನನ್ನ ತಪ್ಪು ಸಿಗಲಿ ಎಂದು ಅವರು ಹುಡುಕುತ್ತಿದ್ದರು, ನಾನೂ ಸಿಗಲಿ ಎಂದೇ ಕಾಯುತ್ತಿದ್ದೆ. ಕೊನೆಗೆ ಹಾಳೆಗಳನ್ನು ಜೋಡಿಸಿ ಕೊಟ್ಟು, “ಸರಿ ಐತೆ” ಎಂದರು. ಅವರು ಅಳಲಿಲ್ಲ. ಎದ್ದು ನಿಲ್ಲಲು ಕೈ ಚಾಚಿದರು, ಹಿಡಿದುಕೊಂಡೆ.

ನಿನ್ನೆ ಗಾಡಿ ಬಂತು. ಓಣಿಯ ಪದ್ಧತಿಯಂತೆ ಗಾಡಿ ದಾಟುವವರೆಗೆ ಮನೆಮನೆಯವರು ಬಾಗಿಲು ಹಾಕಿಕೊಂಡರು. ಇಂದು ಓಣಿಯ ಉತ್ತರ ನಾಲ್ಕು ರೂಪಾಯಿ ಹತ್ತು ಪೈಸೆ. ಪಕ್ಕದ ಬಡಾವಣೆಯವರು ಮೂರು ಸಲ ತಾಳೆ ನೋಡಿ ಮುಖ ಸಪ್ಪೆ ಮಾಡಿಕೊಂಡು ರುಜು ಹಾಕಿದರು. ಬೀದಿಯಲ್ಲಿ ಸಿಹಿ ಹಂಚಿದ್ದಾರೆ. ನನ್ನ ಮಗಳಿಗೆ ಹನ್ನೊಂದು ವರ್ಷ, ಲೆಕ್ಕದಲ್ಲಿ ತರಗತಿಗೇ ಮೊದಲು, ಫಲಗಣಕಿ ಆಗುತ್ತೇನೆ ಎನ್ನುತ್ತಾಳೆ. ಪೇಡೆ ತಿನ್ನುತ್ತ, ನಿನಗೆ ಎಪ್ಪತ್ತಾಗುವುದು ಯಾವ ಒರೆಗೆ ಎಂದು ನನ್ನನ್ನು ಕೇಳಿದಳು. ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ, ಕೂಡಿಸಿ ನೋಡುತ್ತಿದ್ದಳು.

ಅವ್ವನ ಗಾಡಿ ಹೋದ ಮೇಲೆ ಈ ಕಾಗದ ಬರೆಯಲು ಕೂತೆ. ಗುರುವಾರ ಚಿಲಕ ಹಾಕಬೇಡಿ, ಏಳು ಜನರನ್ನು ಕೈ ಹಿಡಿದು ಹೊರಗೆ ಕರೆತನ್ನಿ, ಕೆಮ್ಮಲಿ, ಉಗುಳಲಿ, ಮಾನ ಹೋದರೆ ಹೋಗಲಿ, ಮನುಷ್ಯರಿಗೆ ಮನೆ ಬೇಕು ಎಂದು ಹೇಳಲು ರೂಪಾಯಿಗೆ ನಾಲ್ಕು ರೂಪಾಯಿಯ ಆಸೆ ತೋರಿಸಬೇಡಿ ಎಂದು ಬರೆಯಬೇಕೆಂದಿದ್ದೆ. ಇಷ್ಟು ದೂರ ಬರೆದುಕೊಂಡು ಬಂದವಳು ಕೈ ತಡೆದು ನಿಮ್ಮ ಲೆಕ್ಕವನ್ನೇ ಮತ್ತೆ ಮಾಡಿದೆ. ಏನು ಮಾಡಲಿ, ಕೈಗೆ ಅದೇ ಅಭ್ಯಾಸ. ಗೋದಾಮಿನವರು ತೋರಿಸಿದ್ದು ಮೂರು ರೂಪಾಯಿ ನಲವತ್ತು. ಮುದುಕರು ಹೊರಗೆ ಬಂದರೆ ನಿಮ್ಮದು ಎರಡು ತೊಂಬತ್ತು. ಆ ಮಳೆಗಾಲದ ಮುಂಚೆಯೇ ಮುನ್ನೂರ ಹನ್ನೆರಡು ಮನೆಗಳೂ ಬೀಳುತ್ತವೆ, ನಿಮ್ಮ ಮುದುಕರೂ ಬೀದಿಯಲ್ಲೇ ಕೆಮ್ಮುತ್ತಾರೆ. ಹೊಂಗೆಮರ ಇಲ್ಲ, ಶಾಲೆ ಇಲ್ಲ, ನಾನು ಹುಟ್ಟುವುದು ಅನುಮಾನ, ನನ್ನ ಮಗಳು ಇಲ್ಲವೇ ಇಲ್ಲ. ಎರಡು ಸಲ ಕೂಡಿಸಿ ನೋಡಿದೆ. ತಪ್ಪು ಸಿಗಲಿಲ್ಲ.

ಆದ್ದರಿಂದ ನನ್ನ ವಿನಂತಿ ಬೇರೆ. ಗುರುವಾರ ಚಿಲಕ ಹಾಕಿ. ಕೇಳಿದರೆ ಇಷ್ಟೇ ಜನ ಎಂದು ಹೇಳಿ. ಹೀಗೆ ಬರೆಯುತ್ತಿರುವುದಕ್ಕೆ ನನ್ನ ಮೇಲೆ ನನಗೆ ಅಸಹ್ಯವಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ. ಒಂದು ಮಾತ್ರ ಮರೆಯಬೇಡಿ. ಹನ್ನೊಂದು ಗಂಟೆಯಿಂದ ನಾಲ್ಕರವರೆಗೆ, ಏಪ್ರಿಲ್ ಬಿಸಿಲಿನಲ್ಲಿ, ತಗಡಿನ ಸೂರಿನ ಕೆಳಗೆ ಆ ಏಳು ಜನ ಕೂತಿರುತ್ತಾರೆ. ನಿಮ್ಮ ಪುಟದಲ್ಲಿ ಎಲ್ಲವನ್ನೂ ಬರೆದಿದ್ದೀರಿ, ಅವರಿಗೆ ನೀರು ಇಟ್ಟೆ ಎಂದು ಎಲ್ಲಿಯೂ ಬರೆದಿಲ್ಲ. ಬಾಗಿಲು ಎಳೆದುಕೊಳ್ಳುವ ಮುಂಚೆ ಒಳಗೆ ಒಂದು ಕೊಡ ನೀರು ಇಡಿ.

ಇಂತಿ,
ಮಾಬುನ್ನಿ, ಹಾಲಮ್ಮನ ಮಗಳು